ಹೆಸರಘಟ್ಟದಲ್ಲೊಂದು ಅಂಡಮಾನ್

ಮದರಾಸಿನ ಬಂದರಿನಲ್ಲಿ ಹಡಗಿಗೂ ಕಟ್ಟೆಗೂ ನಡುವೆ ಒಂದೂವರೆ ಮೊಳದಷ್ಟು ಸಂದು ಇತ್ತು. ತಾಪತ್ರಯ ಶುರುವಾದದ್ದು ಅಲ್ಲಿಂದ. ಆ ಸಂದಿನಲ್ಲಿ ಕರಿನೀರು ಏರುತ್ತ ಇಳಿಯುತ್ತ, ಹಸಿದ ಎಮ್ಮೆ ಕಲಗಚ್ಚು ಕುಡಿಯುವಾಗ ಮಾಡುವಂಥ ಸದ್ದು ಮಾಡುತ್ತಿತ್ತು. ಏಣಿಯ ಮೇಲೆ ಮೂರು ಹೆಜ್ಜೆ ಇಟ್ಟಿದ್ದ ಶಿವಶರಣಪ್ಪ ಒಮ್ಮೆ ಕೆಳಗೆ ನೋಡಿದ. ನೋಡಬಾರದಿತ್ತು.

ಟ್ರಂಕು ಹೊತ್ತು ಏರುತ್ತಿದ್ದವರನ್ನೆಲ್ಲ ಒತ್ತರಿಸಿಕೊಂಡು ಅವನು ಕೆಳಗಿಳಿದ. ಕಟ್ಟೆಯ ಮೇಲೆ ನಿಂತು, ಹಿಂದೆಯೇ ಇಳಿದು ಬಂದ ಹೆಂಡತಿಗೆ ಹೇಳಿದ್ದು ಇಷ್ಟು: "ಗಂಗಾ, ಮನ್ಯಾಗ ಸ್ಟೌ ಆರಿಸಿಲ್ಲ ಅನಸ್ತದ."

"ಸ್ಟೌನಾಗ ಎಣ್ಣಿನೇ ಇದ್ದಿಲ್ಲಲ್ರಿ," ಎಂದಳು ಗಂಗಾದೇವಿ.

"ಆದ್ರೂ ಒಮ್ಮಿ ನೋಡ್ಕೊಂಡು ಬರೂದು ಛಲೋ."

ಅಂಡಮಾನಿನ ಹಡಗು ಅವರಿಬ್ಬರನ್ನು ಬಿಟ್ಟು ಹೊರಟಿತು. ಅದು ಎಳ್ಳುಕಾಳಿನಷ್ಟಾಗುವವರೆಗೂ ಗಂಗಾದೇವಿ ನೋಡುತ್ತ ನಿಂತಿದ್ದಳು. ಅವಳು ಹುಟ್ಟಿದ್ದು ಕಲಬುರಗಿ ಕಡೆಯ ಒಂದು ಊರಲ್ಲಿ. ಅಲ್ಲಿ ನೆಂಟರು ಬಂದರೆ ಊಟಕ್ಕಿಂತ ಮೊದಲು ಸ್ನಾನದ ನೀರಿನ ಚಿಂತೆ. ಮದುವೆಯಾಗಿ ಎಂಟು ವರ್ಷದಲ್ಲಿ ಅವಳು ಗಂಡನನ್ನು ಕೇಳಿದ್ದು ಒಂದೇ, ಸಮುದ್ರ ತೋರಿಸಿ ಎಂದು. ತೋರಿಸುವುದಾದರೆ ನಾಲ್ಕೂ ಕಡೆ ಸಮುದ್ರ ಇರುವಲ್ಲೇ ತೋರಿಸುತ್ತೇನೆ ಎಂದು ಜಂಬ ಕೊಚ್ಚಿದ್ದವನು ಶಿವಶರಣಪ್ಪನೇ.

ಆ ಜಂಬ ಮನೆಯಲ್ಲೇ ಉಳಿದಿದ್ದರೆ ಸರಿಹೋಗುತ್ತಿತ್ತು. ಅದು ಯಶವಂತಪುರದ ಪಂಪುಸೆಟ್ ಕಾರ್ಖಾನೆಯವರೆಗೂ ಹೋಗಿತ್ತು. ಅಲ್ಲಿ ಟೆಸ್ಟಿಂಗ್ ಸೆಕ್ಷನ್ನಿನಲ್ಲಿ ಅವನದು ಹನ್ನೊಂದು ವರ್ಷದ ಸರ್ವೀಸು. ಮೂರು ತಿಂಗಳು ಕ್ಯಾಂಟೀನಿನಲ್ಲಿ ಅವನು ಹವಳ, ಶಂಖ, ತಿಮಿಂಗಿಲಗಳ ಬಗ್ಗೆ ಉಪನ್ಯಾಸ ಕೊಟ್ಟಿದ್ದ. ಹೊರಡುವ ದಿನ ಇಡೀ ಸೆಕ್ಷನ್ನು ರೈಲ್ವೆ ಪ್ಲಾಟ್‌ಫಾರಮ್ಮಿಗೆ ಬಂದು ಗಂಧದ ಹಾರ ಹಾಕಿತ್ತು. ಸೆಕ್ಷನ್ನಿನ ಹಿರಿಯ ಆನಂದಪ್ಪ ಅಲ್ಲೇ ನಿಂತು, ಗಾರ್ಡು ಸೀಟಿ ಊದಿದರೂ ಬಿಡದೆ ಭಾಷಣ ಮಾಡಿದ್ದ.

ಈ ಆನಂದಪ್ಪನ ಬಗ್ಗೆ ಒಂದು ಮಾತು ಹೇಳಬೇಕು. ಕಾರ್ಖಾನೆಯಲ್ಲಿ ಅಡ್ಡಹೆಸರು ಇಡುವ ಹಕ್ಕು ಅವನದು. ಒಮ್ಮೆ ಇಟ್ಟನೆಂದರೆ ಅದು ಗ್ರಾಚ್ಯುಯಿಟಿ ತೆಗೆದುಕೊಂಡು ಮನೆಗೆ ಹೋಗುವವರೆಗೂ ಬಿಡುತ್ತಿರಲಿಲ್ಲ. ಸ್ಟೋರಿನ ಮುನಿಆಂಜಿನಪ್ಪ ಏಳು ವರ್ಷದ ಹಿಂದೆ ಒಂದು ಸಭೆಯಲ್ಲಿ ನಿದ್ದೆ ಹೋಗಿದ್ದು, ಯಾರದೋ ಶ್ರದ್ಧಾಂಜಲಿಯ ಮಧ್ಯೆ ದಿಗ್ಗನೆ ಎದ್ದು ಚಪ್ಪಾಳೆ ತಟ್ಟಿಬಿಟ್ಟಿದ್ದ. ಅವತ್ತಿನಿಂದ ಅವನು ಚಪ್ಪಾಳೆ ಮುನಿಆಂಜಿನಪ್ಪ. ಮಗಳ ಮದುವೆಯಲ್ಲಿ ಬೀಗರ ಮುಂದೆಯೇ ಜನ ಅವನನ್ನು ಹಾಗೆ ಕರೆದಿದ್ದರು. ಏಣಿ ಹತ್ತಿ ಇಳಿದುಬಂದವನಿಗೆ ಆನಂದಪ್ಪ ಏನು ಹೆಸರಿಡಬಹುದು ಎಂದು ನೆನೆಸಿಕೊಂಡರೆ ಶಿವಶರಣಪ್ಪನಿಗೆ ಸಮುದ್ರಕ್ಕಿಂತ ಹೆಚ್ಚು ನಡುಕ ಬರುತ್ತಿತ್ತು.

ಒಂದು ಕೆಲಸವನ್ನು ಮಾತ್ರ ಅವನು ಜಾಣತನದಿಂದ ಮಾಡಿದ್ದ. ದೂರದ ಊರಿಗೆ ಹೋದವರು ಅಲ್ಲಿಂದ ಚಿತ್ರದ ಕಾರ್ಡು ಬರೆಯಬೇಕು, ಅದನ್ನು ನೋಟೀಸ್ ಬೋರ್ಡಿಗೆ ಚುಚ್ಚಬೇಕು ಎಂಬುದು ಕಾರ್ಖಾನೆಯ ಪದ್ಧತಿ. ಕಾರ್ಡು ಬರಲಿಲ್ಲವೆಂದರೆ ಹೋದದ್ದು ಮಾವನ ಮನೆಗೆ ಎಂದು ತೀರ್ಮಾನ. ಆ ಬೋರ್ಡಿನಲ್ಲಿ ಎಂಟು ತಿಂಗಳಿಂದ ಒಂದು ಸರ್ಕ್ಯುಲರ್ ಹಳದಿಯಾಗುತ್ತ ಇತ್ತು. ಅಂಡಮಾನಿಗೆ ಕಳಿಸಿದ ಪಂಪುಗಳ ರಿಪೇರಿಗೆ ಅಲ್ಲೇ ಮೂರು ವರ್ಷ ಇರಲು ಇಚ್ಛೆಯುಳ್ಳವರು ಬರೆದು ಕೊಡಿ ಎಂದು ಅದರ ಸಾರಾಂಶ. ಜನ ಅದರ ಮೇಲೆಯೇ ಕಾಶಿಯ, ಸಿಮ್ಲಾದ ಕಾರ್ಡುಗಳನ್ನು ಚುಚ್ಚಿ ಮುಚ್ಚಿಬಿಟ್ಟಿದ್ದರು. ಎರಡು ವಾರ ಸುತ್ತಿ ಬರುವುದು ಬೇರೆ, ಮೂರು ವರ್ಷ ಕೂರುವುದು ಬೇರೆ.

ಬಂದರಿನ ಸಾಲಿನಲ್ಲಿ ನಿಂತು ನಿಂತು ಬೇಸರವಾಗಿ, ಶಿವಶರಣಪ್ಪ ಅಲ್ಲೇ ಮಾರುತ್ತಿದ್ದ ದ್ವೀಪದ ಚಿತ್ರದ ಕಾರ್ಡು ಒಂಬತ್ತು ಕೊಂಡು, ಎಲ್ಲದರ ಮೇಲೂ 'ಕ್ಷೇಮವಾಗಿ ತಲುಪಿದೆವು. ಸಮುದ್ರ ಬಹಳ ದೊಡ್ಡದಾಗಿದೆ' ಎಂದು ಮೊದಲೇ ಬರೆದಿದ್ದ. ವಿಳಾಸ ಬರೆಯುವ ಕೆಲಸ ಗಂಗಾದೇವಿಯದು. ಅವಳ ಅಕ್ಷರ ದುಂಡಗೆ. ಏಣಿಯಿಂದ ಇಳಿಯುವಾಗ ಆ ಕಟ್ಟನ್ನು ಹಿಂದೆ ನಿಂತಿದ್ದ ಒಬ್ಬ ಮೇಷ್ಟರ ಕೈಗೆ ತುರುಕಿ, ಅಲ್ಲಿ ಇಳಿದ ಕೂಡಲೇ ಅಂಚೆಡಬ್ಬಿಗೆ ಹಾಕಿಬಿಡಿ ಎಂದು ಕೈಮುಗಿದಿದ್ದ. ಅಷ್ಟು ಅವಸರದಲ್ಲೂ ತಲೆ ಕೆಲಸ ಮಾಡಿತ್ತು.

ವಾಪಸು ರೈಲು ಜೋಲಾರಪೇಟೆಯಲ್ಲಿ ನಿಂತಾಗ ಗಂಗಾದೇವಿ ಬಾಯಿ ಬಿಟ್ಟಳು.

"ಸಮುದ್ರ ಬ್ಯಾಡ ಬಿಡ್ರಿ. ನೀರರೆ ತೋರಸ್ರಿ."

ಹಾಗಾಗಿ ಅವರು ಹೆಸರಘಟ್ಟಕ್ಕೆ ಬಂದರು.

ವಿದ್ಯಾರಣ್ಯಪುರದ ತಮ್ಮ ಮನೆಗೆ ಹೋಗುವಂತಿರಲಿಲ್ಲ. ಎದುರುಮನೆಯ ಕಿಟಕಿ ಮುಚ್ಚಿದ್ದನ್ನು ಯಾರೂ ಕಂಡವರಿಲ್ಲ. ಆ ಬೀದಿಗೆ ದಿನಾ ಸೊಪ್ಪು ತರುತ್ತಿದ್ದ ಮಾರಕ್ಕನ ಊರು ಹೆಸರಘಟ್ಟ. ಗಂಗಾದೇವಿ ಎಂದೂ ಸೊಪ್ಪಿನ ಕಟ್ಟು ಎಳೆದಾಡಿ ಚೌಕಾಸಿ ಮಾಡಿದವಳಲ್ಲ ಎಂಬ ಒಂದೇ ಕಾರಣಕ್ಕೆ ಮಾರಕ್ಕ ಏನೂ ಕೇಳದೆ ಹಿಂದಿನ ಕೋಣೆ ತೆರೆದುಕೊಟ್ಟಳು. ಅವಳ ಗಂಡ ಮುನಿವೆಂಕಟಯ್ಯನಿಗೆ ಕೆರೆಯಲ್ಲಿ ಒಂದು ತೆಪ್ಪ ಇತ್ತು. ಮೀನು ಹಿಡಿಯುವುದು, ಮೀನು ಸಿಗದಿದ್ದರೆ ಬೀಡಿ ಸೇದುವುದು ಅವನ ಉದ್ಯೋಗ.

ಗುರುವಾರ, ಶುಕ್ರವಾರ, ಶನಿವಾರ ಗಂಗಾದೇವಿ ಕೆರೆಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಕುಳಿತಳು. ಶಿವಶರಣಪ್ಪನಿಗೆ ಕುಳಿತಲ್ಲಿ ಕೂರಲಾಗದು. ಬಸ್ಸಿನ ಸದ್ದಾದರೆ ಗಿಡದ ಹಿಂದೆ, ಸೈಕಲ್ ಬೆಲ್ಲಾದರೆ ಬಂಡೆಯ ಹಿಂದೆ. ನಡುನಡುವೆ ಲೆಕ್ಕ ಬೇರೆ: ಹಡಗು ಶನಿವಾರ ತಲುಪುತ್ತದೆ, ಭಾನುವಾರ ನಾವು ದ್ವೀಪದಲ್ಲಿ ಎರಡನೇ ದಿನ, ಆ ಹೊತ್ತಿಗೆ ಮೈ ಇಷ್ಟು ಕಪ್ಪಾಗಿರಬೇಕು.

ಮೈ ಕಪ್ಪಾಗಿಸುವುದೇ ಈಗ ಮುಖ್ಯ ಕೆಲಸವಾಗಿತ್ತು. ಸಮುದ್ರದ ಬಿಸಿಲಿಗೆ ಹೋಗಿಬಂದವನು ಬೆಳ್ಳಗಿದ್ದರೆ ಆನಂದಪ್ಪ ಬಿಡುತ್ತಾನೆಯೇ? ಏರಿಯ ಮೇಲೆ ಬರಿಮೈಯಲ್ಲಿ ಮಲಗಿದರೆ ದನ ಕಾಯುವವರು ನಿಂತು ನೋಡುತ್ತಾರೆ. ಆಗ ಗಂಗಾದೇವಿಯೇ ಕೆರೆಯ ನಡುವೆ ಇದ್ದ ದಿಬ್ಬವನ್ನು ತೋರಿಸಿದಳು. ಮೂವತ್ತು ಬೈ ನಲವತ್ತು ಅಡಿಯ ಒಂದು ಸೈಟಿನಷ್ಟು ನೆಲ, ಒಂದು ಜಾಲಿಮರ, ಒಂದು ಲಂಟಾನದ ಪೊದೆ, ಮುಂದೆ ಸೆರಗು ಹಾಸಿದಷ್ಟು ಮರಳು, ಸುತ್ತ ನೀರು.

"ನಾಕೂ ಕಡಿ ನೀರು ಅದ ನೋಡ್ರಿ," ಎಂದಳು. ಅವಳ ದನಿಯಲ್ಲಿ ಇದ್ದುದು ಚುಚ್ಚುಮಾತೋ ಆಸೆಯೋ ಶಿವಶರಣಪ್ಪನಿಗೆ ತಿಳಿಯಲಿಲ್ಲ.

ನೀರು ಮೊಣಕಾಲುದ್ದ ಎಂದು ಮುನಿವೆಂಕಟಯ್ಯ ಕೆರೆಯ ಕಡೆ ಕೈ ಮಾಡಿ ಆಣೆ ಇಟ್ಟ ಮೇಲೆ ಶಿವಶರಣಪ್ಪ ಭಾನುವಾರ ಬೆಳಿಗ್ಗೆ ಹೆಂಡತಿಯ ಜೊತೆ ತೆಪ್ಪ ಹತ್ತಿದ. ಕಣ್ಣು ಮುಚ್ಚಿ, ಅಂಚು ಗಟ್ಟಿಯಾಗಿ ಹಿಡಿದು, ದಾರಿಯುದ್ದಕ್ಕೂ ಓಂ ನಮಃ ಶಿವಾಯ ಎನ್ನುತ್ತ ದಿಬ್ಬ ಸೇರಿದ. ಮರಳಿನ ಮೇಲೆ ನಿಂತು ಪ್ಯಾಂಟು ಶರಟು ಬಿಚ್ಚಿ, ಪಟ್ಟಾಪಟ್ಟಿ ಚಡ್ಡಿಯೊಂದರಲ್ಲಿ ತಲೆಯಿಂದ ಪಾದದವರೆಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡ. ಎಣ್ಣೆ ತಗಲೀತೆಂದು ಬಟ್ಟೆಯನ್ನು ತೆಪ್ಪದೊಳಗೇ ಇಟ್ಟ. ನೆತ್ತಿಗೆ ಬಿಸಿಲು ಬರುವಾಗ ಬಾ ಎಂದು ಹೇಳಿ ಮುನಿವೆಂಕಟಯ್ಯನನ್ನು ಕಳಿಸಿದ.

ಬಟ್ಟೆಯ ಜೊತೆಗೆ ಜೋಳದ ರೊಟ್ಟಿ, ಶೇಂಗಾ ಹಿಂಡಿಯ ಗಂಟು, ಕುಡಿಯುವ ನೀರಿನ ಕೊಡಪಾನವೂ ತೆಪ್ಪದಲ್ಲೇ ಹೋಯಿತು ಎಂಬುದು ಅರ್ಧ ಗಂಟೆಯ ಮೇಲೆ ನೆನಪಾಯಿತು. ಇರಲಿ, ಮಧ್ಯಾಹ್ನ ಬರುತ್ತದಲ್ಲ ಎಂದು ಹಪ್ಪಳದ ಹಾಗೆ ಮಲಗಿದ. ಗಂಗಾದೇವಿ ಒದ್ದೆ ಮರಳನ್ನು ಪಾದದ ಮೇಲೆ ತಟ್ಟಿ ಗುಬ್ಬಿಗೂಡು ಕಟ್ಟತೊಡಗಿದಳು.

ಒಂಬತ್ತೂವರೆಗೆ ಏರಿಯ ಮೇಲೆ ಎರಡು ಬಸ್ಸು ಬಂದು ನಿಂತವು.

ಬಸ್ಸಿನ ಹೊಟ್ಟೆಗೆ ಕಟ್ಟಿದ್ದ ಬಟ್ಟೆಯ ಮೇಲಿನ ಅಕ್ಷರ ಅಷ್ಟು ದೂರಕ್ಕೆ ಕಾಣುತ್ತಿರಲಿಲ್ಲ. ಕಾಣುವ ಅಗತ್ಯವೂ ಬೀಳಲಿಲ್ಲ. ಐದು ನಿಮಿಷದಲ್ಲಿ ಹುಣಸೆಮರಕ್ಕೆ ಮೈಕ್ ಸೆಟ್ ಕಟ್ಟಿ, ಹಲೋ ಹಲೋ ಎಂದು ಮೂರು ಸಲ ಕೆಮ್ಮಿ, ಒಂದು ಗಂಟಲು ಕೆರೆಯ ನೀರಿನ ಮೇಲೆಲ್ಲ ಹರಿದಾಡಿತು.

"ಕಾರ್ಮಿಕ ಬಂಧುಗಳೇ, ನಂದಿಬೆಟ್ಟ ಅಂತ ತೀರ್ಮಾನ ಆಗಿತ್ತು. ಮ್ಯಾನೇಜರ್ ಸಾಹೇಬ್ರ ಮನೆಯವ್ರಿಗೆ ಮಂಡಿನೋವು, ಬೆಟ್ಟ ಬೇಡ ಅಂದ್ರು. ಅದಕ್ಕೆ ಕೆರೆ. ಎಲ್ರೂ ಎಂಜಾಯ್ ಮಾಡ್ಬೇಕು, ಕಸ ಬಿಸಾಕ್ಬಾರ್ದು."

ಆನಂದಪ್ಪ. ಶಿವಶರಣಪ್ಪ ಮಲಗಿದ್ದ ಜಾಗದಿಂದ ಲಂಟಾನದ ಪೊದೆಯೊಳಕ್ಕೆ ಹೇಗೆ ಹೋದನೋ ಅವನಿಗೇ ಗೊತ್ತಿಲ್ಲ. ಎಣ್ಣೆ ಮೈಗೆ ಮರಳು ಹತ್ತಿಕೊಂಡು, ರವೆಯಲ್ಲಿ ಹೊರಳಿಸಿದ ಮೀನಿನ ಹಾಗಾಗಿದ್ದ. ಗಂಗಾದೇವಿ ಗುಬ್ಬಿಗೂಡಿನಿಂದ ಕಾಲು ಮೆಲ್ಲಗೆ ಹೊರತೆಗೆದು, ಗೂಡು ಬೀಳಲಿಲ್ಲವೆಂದು ಖಾತ್ರಿ ಮಾಡಿಕೊಂಡು, ಆಮೇಲೆ ಪೊದೆಗೆ ಬಂದಳು.

ದಡದಲ್ಲಿ ಸಂಭ್ರಮ ನಡೆಯಿತು. ಚಮಚದಲ್ಲಿ ನಿಂಬೆಹಣ್ಣಿಟ್ಟು ಓಡಿದರು. ತಂಬೋಲಾ ಆಡಿದರು, ಆನಂದಪ್ಪ ಕೂಗಿದ ಒಂದೊಂದು ನಂಬರೂ ಶಿವಶರಣಪ್ಪನ ಬೆನ್ನಿಗೆ ಇರುವೆ ಕಚ್ಚಿದ ಹಾಗೆ ತಾಗುತ್ತಿತ್ತು. ಇರುವೆಗಳು ಬೇರೆಯಾಗಿಯೂ ಕಚ್ಚುತ್ತಿದ್ದವು. ಅವನು ಎಡಕ್ಕೆ ಹೊರಳಿದರೆ ಮುಳ್ಳು, ಬಲಕ್ಕೆ ಹೊರಳಿದರೆ ಹೆಂಡತಿ. ನಡುವೆ ಆನಂದಪ್ಪ ಆಟ ನಿಲ್ಲಿಸಿ, ನಮ್ಮ ಶಿವಶರಣಪ್ಪ ಈ ಹೊತ್ತಿನಲ್ಲಿ ಸಾವಿರ ಮೈಲಿ ಆಚೆ ಎಳನೀರು ಕುಡಿಯುತ್ತ ದ್ವೀಪದಲ್ಲಿ ಕುಳಿತಿರುತ್ತಾರೆ, ಅವರಿಗೆ ನಮ್ಮೆಲ್ಲರ ಪರವಾಗಿ ಶುಭಾಶಯ ಎಂದ. ಜನ ಚಪ್ಪಾಳೆ ತಟ್ಟಿದರು. ಯಾರೋ ಮುನಿಆಂಜಿನಪ್ಪನ ಹೆಸರು ಹೇಳಿ ನಕ್ಕರು. ಎಳನೀರು ಎಂಬ ಮಾತು ಕೇಳಿ ಶಿವಶರಣಪ್ಪನ ಗಂಟಲು ಇನ್ನಷ್ಟು ಒಣಗಿತು. ಕೆರೆಯ ನೀರು ಕೈಗೆಟುಕುವಷ್ಟು ಹತ್ತಿರದಲ್ಲೇ ಇತ್ತು, ಆದರೆ ಪೊದೆಯಿಂದ ಆಚೆ ಕೈ ಚಾಚುವ ಹಾಗಿರಲಿಲ್ಲ.

ನೆತ್ತಿಗೆ ಬಿಸಿಲು ಬಂತು. ತೆಪ್ಪವೂ ಹೊರಟಿತು. ಆದರೆ ಅದರಲ್ಲಿ ರೊಟ್ಟಿ ಗಂಟಿನ ಬದಲು ಐದು ಜನ ಕುಳಿತಿದ್ದರು.

ಪಿಕ್ನಿಕ್ಕಿನವರು ಮುನಿವೆಂಕಟಯ್ಯನನ್ನು ಕಂಡು, ಒಂದು ಸುತ್ತು ಹಾಕಿಸು ಎಂದು ಬೆನ್ನು ಬಿದ್ದಿದ್ದರು. ಅವನಿಗೂ ಬೇಡ ಎನ್ನಲು ಕಾರಣ ಹೊಳೆಯಲಿಲ್ಲ. ಎರಡು ಸುತ್ತು ಆದ ಮೇಲೆ ಅವನು ಗಳ ಸಿಕ್ಕಿಕೊಂಡಿತೆಂಬ ನೆಪದಲ್ಲಿ ಖಾಲಿ ತೆಪ್ಪವನ್ನು ಪೊದೆಯ ಮಗ್ಗುಲಿಗೆ ತಂದು ಪಿಸುಗುಟ್ಟಿದ.

"ಸಾಮಿ, ತೆಪ್ಪದಾಗೆ ಪ್ಯಾಂಟ್ ಯಾರ್ದು ಅಂತ ಕೇಳುದ್ರು. ರೊಟ್ಟಿ ಗಂಟಿನ ಜೊತ್ಗೆ ಅಲ್ಲೆಲ್ಲೋ ಇಟ್ಬುಟ್ಟು ಬಂದೆ. ಇಲ್ಲಿಗೇ ಊಟ ಮಾಡಾಕೆ ಬತ್ತೀವಿ ಅಂದ್ರು. ಬಾಯಿಗೆ ಬಂದಿದ್ದು ಏಳ್ಬುಟ್ಟೆ."

"ಏನಂತ ಹೇಳಿದ್ಯಪ್ಪ?"

"ಆ ದಿಬ್ಬ ಮುನೇಸ್ವರಂದು, ಕಾಲಿಕ್ಬಾರ್ದು ಅಂತ."

ಶಿವಶರಣಪ್ಪನಿಗೆ ಅವನನ್ನು ತಬ್ಬಿಕೊಳ್ಳಬೇಕೆನಿಸಿತು. ಮುನೇಶ್ವರ ಎಂದರೆ ಆ ಕಡೆಯ ಹಳ್ಳಿಗಳಲ್ಲಿ ಗಡಿ ಕಾಯುವ ಉಗ್ರದೇವರು. ಅವನ ಜಾಗಕ್ಕೆ ಹೇಳದೆ ಕೇಳದೆ ನುಗ್ಗುವವರಿಲ್ಲ. ಆದರೆ ಅದೇ ಪದ್ಧತಿಯ ಇನ್ನರ್ಧ ಕಲಬುರಗಿಯವನಿಗೆ ಗೊತ್ತಿರಲಿಲ್ಲ: ಮುನೇಶ್ವರನ ಮುಂದೆ ಬರಿಗೈಲಿ ಹಾದುಹೋಗುವವರೂ ಇಲ್ಲ.

ಮುಂದಿನ ತೆಪ್ಪದಲ್ಲಿ ಚಪ್ಪಾಳೆ ಮುನಿಆಂಜಿನಪ್ಪನ ಹೆಂಡತಿ ಮುನಿಕೃಷ್ಣಮ್ಮ ಬಂದಳು. ಜಕ್ಕೂರಿನ ಹಳೇ ಮನೆತನದವಳು, ದೇವರ ವಿಷಯದಲ್ಲಿ ಸಡಿಲ ಇಲ್ಲ. ಮುತ್ತುಗದ ಎಲೆಯಲ್ಲಿ ಚಿತ್ರಾನ್ನ, ಎರಡು ಬಾಳೆಹಣ್ಣು, ಒಂದು ಕಟ್ಟು ಬೀಡಿ ಇಟ್ಟು, ತೆಪ್ಪದಿಂದಲೇ ಬಗ್ಗಿ ಮರಳಿನ ಮೇಲೆ ಜಾರಿಸಿ, ಕೆನ್ನೆ ಕೆನ್ನೆ ಬಡಿದುಕೊಂಡಳು. ತೆಪ್ಪ ತಿರುಗಿತು.

ಅಲ್ಲಿಯವರೆಗೆ ತಡೆದದ್ದೇ ಹೆಚ್ಚು. ಶಿವಶರಣಪ್ಪ ಪೊದೆಯಿಂದ ಹೊರಕ್ಕೆ ಹಾರಿ ಎಲೆಗೆ ಕೈ ಹಾಕಿದ. ಮುನಿಕೃಷ್ಣಮ್ಮ ಅದೇ ಕ್ಷಣದಲ್ಲಿ ಇನ್ನೊಂದು ಕೈಮುಗಿಯಲು ಹಿಂತಿರುಗಿದಳು.

ಕಾಲು ಗಂಟೆಯಲ್ಲಿ ಆ ಸುದ್ದಿ ಮೈಕಿಗೆ ಹತ್ತಿತ್ತು. ಅವಳು ಕಂಡದ್ದನ್ನು ಆನಂದಪ್ಪ ವಾಕ್ಯ ವಾಕ್ಯವಾಗಿ ಬಿತ್ತರಿಸಿದ. ಕರ್ರಗಿನ ಆಳು. ಮೈಯೆಲ್ಲ ಮಿರಮಿರ ಮಿಂಚುತ್ತಿತ್ತು. ಮೈಗೆ ವಿಭೂತಿಯ ಹಾಗೆ ಏನೋ ಬಳಿದಿತ್ತು. ಸೊಂಟಕ್ಕೆ ಪಟ್ಟೆ ಪಟ್ಟೆ ಹುಲಿಚರ್ಮ.

ಪೊದೆಯೊಳಗೆ ಗಂಗಾದೇವಿ ಗಂಡನ ಚಡ್ಡಿಯನ್ನು ಒಮ್ಮೆ ನೋಡಿ, ಸೆರಗು ಬಾಯಿಗೆ ಒತ್ತಿಕೊಂಡಳು. ಮದರಾಸಿನಿಂದ ಬಂದಮೇಲೆ ಅವಳು ನಕ್ಕಿದ್ದು ಅದೇ ಮೊದಲು.

ಆಮೇಲೆ ತೆಪ್ಪಕ್ಕೆ ಬಿಡುವಿಲ್ಲ. ದಡದಲ್ಲಿ ಸಾಲು ನಿಂತಿತು. ಮೊಸರನ್ನ ಬಂತು, ಕೋಸಂಬರಿ ಬಂತು, ಆಂಬೊಡೆ ಬಂತು, ಎಳನೀರೇ ಬಂತು. ಗಂಗಾದೇವಿ ಪೊದೆಯ ಒಳಗಿಂದ ಉದ್ದನೆಯ ಕೋಲಿನಿಂದ ಒಂದೊಂದೇ ಎಲೆಯನ್ನು ಎಳೆದುಕೊಂಡು, ಕಾಲು ಚಾಚಿ, ನೀರು ನೋಡುತ್ತ ಊಟ ಮಾಡಿದಳು. ಶಿವಶರಣಪ್ಪನಿಗೆ ಮಾತ್ರ ತುತ್ತು ಇಳಿಯದು. ಒಂದೊಂದು ತೆಪ್ಪ ಬಂದಾಗಲೂ ತಲೆ ಒಳಕ್ಕೆಳೆದು, ಹೋದಾಗ ಹೊರಹಾಕಿ, ಪಂಪಿನ ವಾಲ್ವಿನ ಹಾಗೆ ಆಡುತ್ತಿದ್ದ. ಯಾರಾದರೂ ಗಟ್ಟಿ ಎದೆಯವನು ಇಳಿದುಬಂದರೆ? ಆಮೇಲೆ ಸಾಯುವವರೆಗೂ ಮುನೇಶ್ವರ ಶಿವಶರಣಪ್ಪ.

ಮೂರು ಗಂಟೆಯ ಹೊತ್ತಿಗೆ ಬಂದ ತೆಪ್ಪದಲ್ಲಿ ವರ್ಕ್ಸ್ ಮ್ಯಾನೇಜರ್ ಅಕ್ಬರ್ ಪಾಷಾ ಸಾಹೇಬರು, ಅವರ ಹೆಂಡತಿ ಬದರುನ್ನೀಸಾ ಬೇಗಂ, ಜೊತೆಗೆ ದಾರಿ ವಿವರಿಸಲು ಆನಂದಪ್ಪ ಇದ್ದರು. ಪಾಷಾ ಸಾಹೇಬರು ದೊಡ್ಡ ದನಿಯಲ್ಲಿ ಮಾತಾಡುವವರಲ್ಲ. ಆದರೆ ನೀರಿನ ಮೇಲೆ ಪಿಸುಮಾತೂ ತೇಲಿಬರುತ್ತದೆ. ಬೇಗಂ ದಿಬ್ಬದ ಕಡೆ ನೋಡುತ್ತ, ಆ ಶಿವಶರಣಪ್ಪನ ಹೆಂಡತಿ ಪುಣ್ಯವಂತೆ, ಒಂದು ಸಲ ಆಫೀಸಿನ ಫಂಕ್ಷನ್ನಿನಲ್ಲಿ ಸಿಕ್ಕಾಗ ಬರೀ ಸಮುದ್ರದ ಮಾತೇ ಆಡಿದ್ದಳು, ಈಗ ಕಣ್ತುಂಬ ನೋಡುತ್ತಿರುತ್ತಾಳೆ ಪಾಪ ಎಂದರು.

ಗಂಗಾದೇವಿ ಆಂಬೊಡೆ ಎಲೆಯ ಮೇಲೆ ಇಟ್ಟುಬಿಟ್ಟಳು. ಮತ್ತೆ ತೆಗೆದುಕೊಳ್ಳಲಿಲ್ಲ.

ಪಾಷಾ ಸಾಹೇಬರು ಆನಂದಪ್ಪನ ಕಡೆ ತಿರುಗಿದರು. "ಅಂಡಮಾನ್ ಅಂದ್ಕೂಡ್ಲೆ ನೆನಪಾಯ್ತು ಆನಂದಪ್ಪನವರೇ. ಹೆಡ್ಡಾಫೀಸಿಂದ ಮತ್ತೆ ಕಾಗದ ಬಂದಿದೆ. ಯಾರಾದ್ರೂ ತಾವಾಗೇ ಬರೆದು ಕೊಟ್ರೆ ಸರಿ. ತಿಂಗಳ ಕೊನೇವರೆಗೆ ನೋಡ್ತೀನಿ. ಇಲ್ಲಾಂದ್ರೆ ಸೀನಿಯಾರಿಟಿ ಪ್ರಕಾರ ಕಳಿಸ್ಬೇಕಾಗತ್ತೆ."

"ಸೀನಿಯಾರಿಟಿಲಿ ಮೊದಲು ಯಾರು ಸಾರ್?"

"ನೀವೇ."

ತೆಪ್ಪ ದೂರವಾಯಿತು. ಆನಂದಪ್ಪ ಕುಳಿತಲ್ಲೇ ಗಾಳಿ ಬಿಟ್ಟ ಬಲೂನಾಗಿದ್ದ. ಶಿವಶರಣಪ್ಪ ನಗು ತಡೆಯಲು ಲಂಟಾನದ ಎಲೆಯನ್ನೇ ಕಚ್ಚಿ, ಅದರ ಕಹಿಗೆ ಕಣ್ಣಲ್ಲಿ ನೀರು ತಂದುಕೊಂಡ. ಬೆಳಿಗ್ಗೆಯಿಂದ ಅವನು ಅನುಭವಿಸಿದ ಸುಖ ಇಷ್ಟೇ.

ಇನ್ನು ಎಲ್ಲರೂ ಬಸ್ಸು ಹತ್ತುತ್ತಾರೆ ಎನ್ನುವಾಗ ತೆಪ್ಪ ಕೊನೆಯ ಸಲ ಬಂತು. ಅದರಲ್ಲಿ ಆನಂದಪ್ಪ ಒಬ್ಬನೇ. ಕೈಯಲ್ಲಿ ತೆಂಗಿನಕಾಯಿ. ಮುನಿವೆಂಕಟಯ್ಯನಿಗೆ ತೆಪ್ಪದಲ್ಲೇ ಇರಲು ಹೇಳಿ, ಚಪ್ಪಲಿ ಬಿಟ್ಟು ಮರಳಿಗಿಳಿದ. ಪೊದೆಗೆ ಎರಡು ಮಾರು ದೂರದಲ್ಲಿ ಮಂಡಿಯೂರಿದ. ಹದಿನೆಂಟು ವರ್ಷ ಕಾರ್ಖಾನೆಯನ್ನು ನಗಿಸಿದ ಬಾಯಿ ಈಗ ಅಳುವುದಕ್ಕೆ ಹತ್ತಿರವಾಗಿತ್ತು.

"ಅಪ್ಪಾ ಮುನೇಶ್ವರ, ನನಗೆ ಆ ಅಂಡಮಾನ್ ಬೇಡ ತಂದೆ. ನನಗೆ ನೀರು ಕಂಡ್ರೆ ಆಗಲ್ಲ. ಇಷ್ಟು ದೂರ ತೆಪ್ಪದಲ್ಲಿ ಬರೋಕೇ ಜೀವ ಹೋಗಿ ಬಂತು. ಯಾರಿಗೂ ಹೇಳಿಲ್ಲ ಕಣಪ್ಪ, ನಗ್ತಾರೆ. ನನ್ನ ಬಿಟ್ಟು ಇನ್ಯಾರನ್ನಾದ್ರೂ ಕಳಿಸು. ಹುಂಜ ಕುಯ್ಸ್ತೀನಿ."

ಶಿವಶರಣಪ್ಪನಿಗೆ ಒಂದು ಕ್ಷಣ ಪೊದೆಯಿಂದ ಹೊರಬಂದು, ನನಗೂ ಅಷ್ಟೇ ಮಾರಾಯ ಎಂದು ಅವನ ಭುಜದ ಮೇಲೆ ಕೈ ಹಾಕಬೇಕೆನಿಸಿತು. ಅದೊಂದು ಒಳ್ಳೆಯ ಕ್ಷಣ. ಅದನ್ನು ಅವನು ಕೈಬಿಟ್ಟ. ಕೈಗೆ ಸಿಕ್ಕ ಅಧಿಕಾರವನ್ನು ಬಳಸದೆ ಬಿಟ್ಟವರು ಯಾರಿದ್ದಾರೆ? ದನಿಯ ಗುರುತು ಸಿಕ್ಕೀತೆಂಬ ಭಯವಿರಲಿಲ್ಲ. ಬಿಸಿಲಿಗೆ ಗಂಟಲು ಒಡೆದ ಮಡಕೆಯಾಗಿತ್ತು. ಭಯವಿದ್ದದ್ದು ಭಾಷೆಯದು. ಹೆಸರಘಟ್ಟದ ಮುನೇಶ್ವರ ಕಲಬುರಗಿ ಕನ್ನಡ ಆಡಿದರೆ ಕೆಟ್ಟಿತು. ಅವನು ಮುನಿವೆಂಕಟಯ್ಯನನ್ನು ಮನಸ್ಸಿನಲ್ಲಿ ನೆನೆದು ಬಾಯಿ ತೆರೆದ.

"ಆಗ್ಲಿ ಓಗು, ಮಗನೇ. ನಿನ್ ಬದ್ಲು ಇನ್ನೊಬ್ಬನ್ನ ಕಳುಸ್ತೀನಿ."

ಆನಂದಪ್ಪ ಮರಳಿಗೆ ಹಣೆ ಹಚ್ಚಿದ.

"ಆದ್ರೆ ಇವತ್ತಿಂದ ಯಾರ್ಗೂ ಅಡ್ಡೆಸ್ರು ಇಕ್ಬಾರ್ದು. ಇಕ್ಕಿರೋದ್ನೂ ಕರೀಬಾರ್ದು."

"ಇಲ್ಲಪ್ಪ. ನಾಲಿಗೆ ಕಚ್ಕೋತೀನಿ."

ತೆಪ್ಪದಲ್ಲಿ ಮುನಿವೆಂಕಟಯ್ಯ ಮುಖ ಆ ಕಡೆ ತಿರುಗಿಸಿ ಬಹಳ ಹೊತ್ತು ಕೆಮ್ಮಿದ. ಪೊದೆಯೊಳಗೆ ಗಂಗಾದೇವಿ ಗಂಡನ ತೋಳು ತಟ್ಟಿ ಕಿವಿಯಲ್ಲಿ ಕೇಳಿದಳು.

"ಯಾರ್ನ ಕಳಸ್ತೀರಿ?"

"ಯಾರ್ನರೆ ಒಬ್ಬನ್ನ," ಎಂದ ಶಿವಶರಣಪ್ಪ, ದೇವರ ಉದಾರತೆಯಿಂದ. ಗಂಗಾದೇವಿ ಹೊತ್ತು ಮುಳುಗುವವರೆಗೂ ನೀರನ್ನೇ ನೋಡುತ್ತ ಕುಳಿತಳು.

ರಜೆ ಮುಗಿದು ಶಿವಶರಣಪ್ಪ ಕಾರ್ಖಾನೆಗೆ ಬಂದಾಗ ರೊಟ್ಟಿ ಹಂಚಿನ ತಳದಷ್ಟು ಕಪ್ಪಗಿದ್ದ. ಕೈಯಲ್ಲಿ ಸಿಟಿ ಮಾರ್ಕೆಟ್ಟಿನಲ್ಲಿ ಕೊಂಡ ಮೂರು ಶಂಖ ಇದ್ದವು. ಅವುಗಳ ಅಗತ್ಯವೇ ಬೀಳಲಿಲ್ಲ. ನೋಟೀಸ್ ಬೋರ್ಡಿನಲ್ಲಿ ಎಂಟು ಕಾರ್ಡುಗಳು ಸಾಲಾಗಿ ನಗುತ್ತಿದ್ದವು, ಒಂದೊಂದರ ಮೇಲೂ ದ್ವೀಪದ ಅಂಚೆಮುದ್ರೆ. ಯಾರೂ ಏನೂ ಕೇಳಲಿಲ್ಲ. ಮುನಿಆಂಜಿನಪ್ಪನನ್ನು ಎಲ್ಲರೂ ಬರೀ ಮುನಿಆಂಜಿನಪ್ಪ ಎಂದು ಕರೆಯುತ್ತಿದ್ದರು, ಅವನು ಹಾಗೆ ಕರೆದಾಗ ತಿರುಗಿ ನೋಡುವುದನ್ನೇ ಮರೆತಿದ್ದ. ಆನಂದಪ್ಪ ಶಿವಶರಣಪ್ಪನನ್ನು ಸ್ಟೋರಿನ ಹಿಂದಕ್ಕೆ ಕರೆದೊಯ್ದು, ನೀವು ಊರಲ್ಲಿ ಇಲ್ಲದಾಗ ನನಗೆ ಸಾಕ್ಷಾತ್ಕಾರ ಆಯಿತು ಎಂದು ಗುಟ್ಟಿನಲ್ಲಿ ಎಲ್ಲ ಹೇಳಿಕೊಂಡ. ಶಿವಶರಣಪ್ಪ ಬಹಳ ಗಂಭೀರವಾಗಿ ಕೇಳಿ, ದೇವರು ಕೊಟ್ಟ ಮಾತು ತಪ್ಪುವುದಿಲ್ಲ ಎಂದು ಧೈರ್ಯ ಹೇಳಿದ. ಸಾವಿರ ಕೆ.ಜಿ. ಭಾರ ಇಳಿದ ಹಾಗಿತ್ತು.

ಹನ್ನೊಂದು ಗಂಟೆಗೆ ಪಾಷಾ ಸಾಹೇಬರು ಕರೆಸಿದರು. ಕೂರಿಸಿ, ಟೀ ತರಿಸಿದರು. ಆ ಕೋಣೆಯಲ್ಲಿ ಟೆಸ್ಟಿಂಗ್ ಸೆಕ್ಷನ್ನಿನವರಿಗೆ ಅದುವರೆಗೆ ಯಾರೂ ಟೀ ಕೊಟ್ಟಿರಲಿಲ್ಲ.

"ನಾನು ಬಹಳ ದೊಡ್ಡ ಚಿಂತೇಲಿದ್ದೆ ಶಿವಶರಣಪ್ಪ. ಎಂಟು ತಿಂಗಳು ಒಬ್ಬನೂ ಬರೆದು ಕೊಡ್ಲಿಲ್ಲ. ಬರವಣಿಗೆ ಇಲ್ದೆ ಹೆಡ್ಡಾಫೀಸಿನವರು ಒಪ್ಪಲ್ಲ. ನೀವು ಅಲ್ಲಿಂದ್ಲೇ ಬರೆದು ಕಳಿಸಿದ್ರಿ, ಸ್ಥಳ ನೋಡಿ, ಮನಸ್ಸಾರೆ. ಅಲ್ಲಿನ ಠಸ್ಸೆ ಬೇರೆ ಇದೆ. ಫೈಲಿಗೆ ಸೇರಿಸಿ ಕಳಿಸಿದೆ, ನಿನ್ನೆ ಆರ್ಡರ್ ಬಂತು."

ಅವರು ಫೈಲು ತಿರುಗಿಸಿ ಇಟ್ಟರು. ಒಂಬತ್ತನೆಯ ಕಾರ್ಡು ಅದರಲ್ಲಿತ್ತು. 'ಕ್ಷೇಮವಾಗಿ ತಲುಪಿದೆವು. ಸಮುದ್ರ ಬಹಳ ದೊಡ್ಡದಾಗಿದೆ' ಎಂಬ ಅವನ ಗೀಚಿನ ಕೆಳಗೆ, ದುಂಡಗಿನ ಅಕ್ಷರದಲ್ಲಿ ಇನ್ನೂ ಎರಡು ಸಾಲು: 'ಇಲ್ಲಿಂದ ಬರಲು ಇಬ್ಬರಿಗೂ ಮನಸ್ಸಿಲ್ಲ. ಆ ಮೂರು ವರ್ಷದ ಕೆಲಸ ನಮ್ಮ ಯಜಮಾನರಿಗೇ ಕೊಡಬೇಕಾಗಿ ವಿನಂತಿ.'

ಶಿವಶರಣಪ್ಪ ಬಾಯಿ ತೆರೆದ. ಇದು ಸುಳ್ಳು ಎನ್ನಬೇಕಾದರೆ, ಅಲ್ಲಿಗೆ ಹೋಗಲಿಲ್ಲ ಎನ್ನಬೇಕು. ಅಲ್ಲಿಗೆ ಹೋಗಲಿಲ್ಲ ಎಂದರೆ, ಎಲ್ಲಿದ್ದೆ ಎಂದು ಹೇಳಬೇಕು. ಎಲ್ಲಿದ್ದೆ ಎಂದರೆ, ಏನು ಉಟ್ಟಿದ್ದೆ ಎಂಬುದು ಇಡೀ ಕಾರ್ಖಾನೆಗೆ ಗೊತ್ತಿತ್ತು. ಗಾಜಿನ ಕಿಟಕಿಯ ಆಚೆ ಆನಂದಪ್ಪ ಸುದ್ದಿ ಕೇಳಿ, ಎರಡೂ ಕೈ ಮೇಲೆತ್ತಿ ಹೆಸರಘಟ್ಟದ ದಿಕ್ಕಿಗೆ ಮುಗಿಯುತ್ತಿದ್ದ. ಶಿವಶರಣಪ್ಪ ಬಾಯಿ ಮುಚ್ಚಿ ಟೀ ಕುಡಿದ.

ಸಂಜೆ ಮನೆಗೆ ಬಂದಾಗ ಬಾಗಿಲಲ್ಲೇ ಟ್ರಂಕು ಇತ್ತು. ಗಂಗಾದೇವಿ ಅದರೊಳಗೆ ಸೀರೆ ಮಡಿಸಿಡುತ್ತಿದ್ದಳು. ಬೇಗಂ ಅವರು ಮಧ್ಯಾಹ್ನವೇ ಪ್ಯೂನನ ಕೈಲಿ ಶುಭಾಶಯ ಹೇಳಿಕಳಿಸಿದ್ದರು.

"ಏನ್ ಬರದಿ ಅದ್ರಾಗ?" ಎಂದ ಶಿವಶರಣಪ್ಪ, ಚಪ್ಪಲಿಯನ್ನೂ ಬಿಚ್ಚದೆ.

"ಕಾರ್ಡಿನಾಗ ಜಾಗ ಉಳದಿತ್ರಿ. ಬರದು ಕೊಟ್ಟವರನ್ನ ಕಳಸ್ತಾರ ಅಂತ ನೀವೇ ಹೇಳಿದ್ರಿ."

ಅವನು ಗೋಡೆಗೆ ಒರಗಿ ಕುಳಿತ. ಏಣಿ, ಸಂದು, ಕರಿನೀರು ಎಲ್ಲ ಕಣ್ಣಿಗೆ ಬಂದವು. ಹಡಗು ಒಂದನೇ ತಾರೀಕಿಗೆ. ಇನ್ನೂ ಹನ್ನೆರಡು ದಿನ ಇದೆ, ಅಷ್ಟರಲ್ಲಿ ಏನಾದರೂ ಹೊಳೆದೀತು ಎಂದು ಅವನ ಕಣ್ಣು ತಾನಾಗಿ ಅಡುಗೆಮನೆಯ ಕಡೆ ಹೊರಳಿತು.

ಗಂಗಾದೇವಿ ಸೀರೆ ಮಡಿಸುತ್ತಲೇ, ತಲೆ ಎತ್ತದೆ ಹೇಳಿದಳು.

"ಸ್ಟೌ ಮಾರಕ್ಕಗ ಕೊಟ್ಟುಬಿಟ್ಟೀನ್ರಿ."